ಪೋಸ್ಟರಿಗೂ ಊದುಬತ್ತಿ

ಕೆಂಗೇರಿ ಬಸ್ಸಿಗೆ ಕಾಯುತ್ತ ವಿಜಯನಗರದ ಕ್ಯಾಸೆಟ್ ಅಂಗಡಿಯ ನೆರಳಲ್ಲಿ ನಿಂತಿದ್ದೆ. ಬಸ್ಸು ಬಾರದ ಸಿಟ್ಟು ನನಗೆ. ಒಳಗೆ ಅಂಗಡಿಯವನಿಗೂ ಅವನ ಗೆಳೆಯನಿಗೂ ಒಬ್ಬರ ಮೇಲೊಬ್ಬರಿಗೆ ಬೇರೆಯೇ ಸಿಟ್ಟು. ಅವರ ಮೆಚ್ಚಿನ ರಾಕ್ ಗಾಯಕ ನಿನ್ನೆ ಸ್ಟೇಜಿನ ಮೇಲೆ, ತನಗೆ ದೇವರಲ್ಲಿ ನಂಬಿಕೆಯಿಲ್ಲ ಎಂದನಂತೆ.

"ದಿನಾ ಬೆಳಿಗ್ಗೆ ಇವನ ಪೋಸ್ಟರ್‌ಗೂ ಊದುಬತ್ತಿ ಹಚ್ತಿದ್ದೆ ಗುರು! ದೇವ್ರೇ ಇಲ್ಲ ಅಂತಾನಾ?" ಅಂಗಡಿಯವನು ಕಿರುಚಿದ.

"ಇಲ್ಲ ಅನ್ಲಿಲ್ಲ ಕಣೋ, ನಂಗೆ ನಂಬಿಕೆ ಇಲ್ಲ ಅಂದ. ನಿನ್ನ ಊದುಬತ್ತಿ ಅವನು ಕೇಳಿದ್ನಾ?"

ಅಂಗಡಿಯವನು ಲಕ್ಷ್ಮಿಯ ಫೋಟೋ ಪಕ್ಕದಲ್ಲಿದ್ದ ಪೋಸ್ಟರನ್ನು ಕಿತ್ತು, ಹರಿದು ನೆಲಕ್ಕೆಸೆದ. ಗೆಳೆಯನ ಮೇಲೆ ಏರಿಹೋಗುವ ಭರದಲ್ಲಿ ಅದನ್ನೇ ತುಳಿದ. ತಕ್ಷಣ ಬಗ್ಗಿ, ಗಾಯಕನ ಹರಿದ ಮುಖವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ತಲೆಯೆತ್ತಿದವನು ನನ್ನನ್ನು ಕಂಡ.

"ಏನ್ ಸಾರ್ ನೋಡ್ತಿದೀರಾ? ನಿಮ್ಮ ಬಸ್ ನೋಡ್ಕೊಳ್ಳಿ!"