ಚೋಕ್ ಕಿತ್ತೆಸೆದ ಭಾವ

ಒದ್ದೆ ಕಂಬಳಿಗೆ ಪೆಟ್ರೋಲ್ ತಾಗಿದರೆ ಒಂದು ವಾಸನೆ ಬರುತ್ತದೆ. ಮೊನ್ನೆ ಬಹರೈನ್‌ನ ಬುಸೈತೀನ್‌ನಲ್ಲಿ ಮಗಳ ಮನೆಯ ಕೆಳಗೆ, ಕಟ್ಟಡದ ಕಾವಲುಗಾರ ತನ್ನ ಹಳೇ ಬೈಕಿಗೆ ಹೊದಿಸಿದ್ದ ಕಂಬಳಿಯನ್ನು ಎಳೆದು ಕೊಡವಿದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಜನವರಿಯ ಬೆಳಗು, ಸಮುದ್ರದ ಕಡೆಯಿಂದ ಗಾಳಿ. ತಟ್ಟನೆ ನೆನಪಾದವರು ಭಾವ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆನ್ನುತ್ತಾರೆ. ಬಹಳ ಹೊತ್ತು ಯೋಚಿಸಿದೆ... ಅವರ ಅಂಗಿಯ ಇಸ್ತ್ರಿ ಚೆನ್ನಾಗಿರುತ್ತಿತ್ತು. ಅದನ್ನೂ ಮಾಡುತ್ತಿದ್ದವಳು ನನ್ನ ಅಕ್ಕ.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನನ್ನು ಬಹರೈನ್‌ಗೆ ಕರೆಸಿಕೊಂಡವರು ಅವರೇ. ಅವರು ಸ್ಟೋರ್‌ಕೀಪರ್ ಆಗಿದ್ದ ಕಂಪನಿಯಲ್ಲೇ ನನಗೆ ಟೈಪಿಸ್ಟ್ ಕೆಲಸ, ಗುಫೂಲ್‌ನ ಅವರ ಫ್ಲ್ಯಾಟಿನಲ್ಲೇ ವಾಸ. ನಮ್ಮ ಕರಾವಳಿಯವರಲ್ಲಿ ವೀಸಾ ಕೊಡಿಸಿದವರೆಂದರೆ ಹೆತ್ತವರಿಗಿಂತ ಒಂದು ಮೆಟ್ಟಿಲು ಮೇಲೆ. ಅವರೆದುರು ಕಾಲ ಮೇಲೆ ಕಾಲು ಹಾಕುವಂತಿಲ್ಲ, ಅವರ ಮಾತಿಗೆ ಎದುರಾಡುವಂತಿಲ್ಲ. ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ನನ್ನ ಹೆಗಲಿಗೆ ಕೈಹಾಕಿ, "ಇವನನ್ನು ನಾನೇ ತಂದದ್ದು" ಎಂದು ಎಲ್ಲರಿಗೂ ತೋರಿಸುತ್ತಿದ್ದರು, ಮಾರ್ಕೆಟಿನಿಂದ ಬಂಗುಡೆ ತಂದವರ ಹಾಗೆ. ನಾನು ಹಲ್ಲುಕಿರಿದು ನಿಲ್ಲುತ್ತಿದ್ದೆ.

ಅವರಿಗೆ ಒಂದು ಕಾರಿತ್ತು. ಯಾವನೋ ಇಂಗ್ಲಿಷಿನವನು ದೇಶಕ್ಕೆ ಮರಳುವಾಗ ಮಾರಿಹೋದದ್ದು. ಅದರ ಬಗ್ಗೆ ಅವರು ಆಡುತ್ತಿದ್ದ ಮಾತು ಕೇಳಿದರೆ ರಾಣಿಯೇ ಕೈಯಾರೆ ಕೀಲಿ ಕೊಟ್ಟಿದ್ದಳೇನೋ ಅನಿಸಬೇಕು. ಬಾನೆಟ್ ಮುಟ್ಟಲು ಮೆಕ್ಯಾನಿಕ್‌ಗಳಿಗೂ ಅಪ್ಪಣೆಯಿರಲಿಲ್ಲ. ಮಂಗಳೂರಿನಲ್ಲಿ ಲೈಸೆನ್ಸ್ ಮಾಡಿಸಿಕೊಂಡ ತಮಗೆ ಯಂತ್ರದ ಬಗ್ಗೆ ತಿಳಿಯದ್ದು ಏನೂ ಇಲ್ಲ ಎಂಬುದು ಆ ಮಹಾಶಯರ ನಂಬಿಕೆ. ಆ ತಿಳಿವಳಿಕೆಯ ಫಲವಾಗಿಯೇ ಕಾರು ಮನೆಗೆ ಬಂದ ಮೊದಲ ವಾರ ಅದರ ಚೋಕನ್ನು ಕೇಬಲ್ ಸಮೇತ ಕಿತ್ತು ಬಿಸಾಡಿದ್ದರಂತೆ. ಚೋಕ್ ಎಂದರೆ ಸ್ಟೇರಿಂಗಿನ ಪಕ್ಕದ ಒಂದು ಗುಂಡಿ. ಚಳಿಯಲ್ಲಿ ಅದನ್ನು ಎಳೆದರೆ ಎಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ ಹೋಗಿ ಗಾಡಿ ಸ್ಟಾರ್ಟ್ ಆಗುತ್ತದೆ. "ಅದು ಬರೀ ಪೆಟ್ರೋಲ್ ಕುಡಿಯುವ ಸಾಮಾನು. ಹಿಮ ಬೀಳುವಲ್ಲಿನವರಿಗೆ ಬೇಕು, ನಮಗೆಂತಕ್ಕೆ?" ಎಂದು ಎಲ್ಲರಿಗೂ ವಿವರಿಸುತ್ತಿದ್ದರು. ಗುಂಡಿ ಇದ್ದ ತೂತಿಗೆ ಬಾಲಯೇಸುವಿನ ಪದಕವೊಂದನ್ನು ಅಂಟಿಸಿದ್ದರು. ವರ್ಷದ ಹತ್ತು ತಿಂಗಳು ಬಾನೆಟ್ ಮೇಲೆ ಮೊಟ್ಟೆ ಬೇಯುವ ಊರು, ಹಾಗಾಗಿ ಅವರ ಜಾಣತನಕ್ಕೆ ಯಾವ ಅಡ್ಡಿಯೂ ಬಂದಿರಲಿಲ್ಲ.

ನಾನು ಬಂದ ವರ್ಷ ಚಳಿ ಬಂತು. ಮರುಭೂಮಿಯಲ್ಲಿ ಎಂಥ ಚಳಿ ಎಂದು ಊರಿನವರು ಈಗಲೂ ನಗುತ್ತಾರೆ, ನಗಲಿ. ಉತ್ತರದ ಗಾಳಿ ಏಳೆಂಟು ದಿನ ಬಿಡದೆ ಬೀಸಿತು, ನಡುನಡುವೆ ಮಳೆ. ಬಿಸಿಲಿಗೆಂದು ಕಟ್ಟಿದ ಆ ಮನೆಗಳಲ್ಲಿ ಗೋಡೆಯೇ ಕೊರೆಯುತ್ತಿತ್ತು. ಊರಿಂದ ತಂದ ತೆಳು ಅಂಗಿಯ ಮೇಲೆ ಅಕ್ಕನ ಶಾಲು ಸುತ್ತಿಕೊಂಡು ಮಲಗುತ್ತಿದ್ದೆ. ಕಾರಿಗೆ ಮಾತ್ರ ಮನೆಯಲ್ಲಿದ್ದ ಒಂದೇ ಒಂದು ಉಣ್ಣೆಯ ಕಂಬಳಿ.

ಏಳು ಗಂಟೆಗೆ ಆಫೀಸಿನಲ್ಲಿರಬೇಕು. ನನ್ನದು ಮೂರು ತಿಂಗಳ ಪ್ರೊಬೇಷನ್, ಇನ್ನು ಹತ್ತು ದಿನ ಉಳಿದಿತ್ತು. ಕಾರು ಎರಡು ದಿನ ಕೈಕೊಟ್ಟಿತು, ಎರಡು ದಿನವೂ ತಡವಾಯಿತು. ಇನ್ನೊಂದು ಸಲ ತಡವಾದರೆ ಟಿಕೆಟ್ ಕೊಟ್ಟು ಊರಿಗೆ ಕಳಿಸುತ್ತೇನೆ ಎಂದು ಇಂಗ್ಲಿಷ್ ಮ್ಯಾನೇಜರ್ ಹೇಳಿಬಿಟ್ಟಿದ್ದ. ನಾನು ಟ್ಯಾಕ್ಸಿಯಲ್ಲಿ ಹೋಗುತ್ತೇನೆಂದರೆ ಭಾವನಿಗೆ ಕೆಂಡದಂಥ ಕೋಪ.

"ಮನೆಯಲ್ಲಿ ಗಾಡಿ ಇಟ್ಟುಕೊಂಡು ಟ್ಯಾಕ್ಸಿಯಲ್ಲಿ ಹೋಗ್ತೀಯಾ? ಜನ ನನ್ನ ಮುಖಕ್ಕೆ ಉಗಿಲಿಕ್ಕಾ?"

ಮೂರನೆಯ ಬೆಳಿಗ್ಗೆ ನಾನು ಐದಕ್ಕೇ ಎದ್ದು, ಟೈ ಕಟ್ಟಿ ಕೆಳಗೆ ನಿಂತಿದ್ದೆ. ಅಕ್ಕನೂ ಎದ್ದಿದ್ದಳು, ಕಂಬಳಿ ತೆಗೆದು ಮಡಚಿದವಳೇ ಅವಳು. ಭಾವ ಆರು ಕಾಲಿಗೆ ಇಳಿದು ಬಂದು, ಪದಕ ಮುಟ್ಟಿ ಕಣ್ಣಿಗೊತ್ತಿಕೊಂಡು ಕೀಲಿ ತಿರುಗಿಸಿದರು. ಕಾರು ಕೆಮ್ಮಿತು, ಸುಮ್ಮನಾಯಿತು. ಕೆಸರಿನಲ್ಲಿ ಜಾರುತ್ತ ನಾನು ಬೀದಿಯ ಆ ತುದಿಗೆ ತಳ್ಳಿದೆ, ಈ ತುದಿಗೆ ತಳ್ಳಿದೆ. ಅವರು ಗಾಜು ಇಳಿಸಿ, "ಜೋರು ತಳ್ಳು ಮಾರಾಯ, ಅನ್ನ ತಿನ್ಲಿಲ್ವಾ?" ಎಂದು ಕೂಗುತ್ತಿದ್ದರು. ಅಕ್ಕ ಬಾಲ್ಕನಿಯಿಂದ ನೋಡುತ್ತಿದ್ದಳು. ನಾನು ಎರಡು ಸಲ ಬಿದ್ದದ್ದನ್ನೂ ನೋಡಿದಳು.

ಕೊನೆಗೆ ಎದುರುಮನೆಯ ಪಠಾಣ ಡ್ರೈವರ್ ಬಂದ. ಭಾವ ಬೇಡ ಬೇಡ ಎನ್ನುತ್ತಿರುವಾಗಲೇ ಬಾನೆಟ್ ಎತ್ತಿ, ಏನನ್ನೋ ಬಿಚ್ಚಿ, ಗಾಳಿ ಒಳಹೋಗುವ ಕಾರ್ಬುರೇಟರಿನ ಬಾಯಿಗೆ ತನ್ನ ಅಂಗೈ ಮುಚ್ಚಿ ಹಿಡಿದ. "ಅಬ್ ಮಾರೋ ಸೆಲ್ಫ್" ಎಂದ. ಮೊದಲ ಸಲಕ್ಕೇ ಕಾರು ಗುರ್ರೆಂದಿತು. ಅವನು ಪೆಟ್ರೋಲಿನ ಕೈಯನ್ನು ಒರೆಸಲು ಅದೇ ಕಂಬಳಿ ತೆಗೆದುಕೊಂಡು ಕೇಳಿದ, "ಭಾಯ್, ಇಸ್ಕಾ ಚೋಕ್ ಕಹಾಂ ಗಯಾ?"

"ಕಂಪನಿಯವರು ಹಾಕಲೇ ಇಲ್ಲ" ಎಂದು ಭಾವ ಹಿಂದಿಯಲ್ಲಿ ಉತ್ತರಿಸಿದರು. ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ನಾವು ಆಫೀಸು ಮುಟ್ಟುವಾಗ ಎಂಟಾಗಿತ್ತು. ಮ್ಯಾನೇಜರ್ ಇಬ್ಬರನ್ನೂ ಒಳಗೆ ಕರೆದ. ಆ ಕೋಣೆಯಲ್ಲಿ ಸಣ್ಣ ಹೀಟರ್ ಉರಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಭಾವ, ಇಗರ್ಜಿಯಲ್ಲಿ ಇಡುವ ಹಾಗೆಯೇ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಹುಡುಗ ಎದ್ದದ್ದು ತಡ, ಸರ್. ಇವನನ್ನು ಎಬ್ಬಿಸಿ ಕರೆತರುವಷ್ಟರಲ್ಲಿ ನನಗೂ ತಡವಾಯಿತು. ಮೂರು ದಿನದಿಂದ ಇದೇ ಕಥೆ."

ನಿಜವೇ ಎಂದು ಮ್ಯಾನೇಜರ್ ನನ್ನನ್ನು ಕೇಳಿದ. ಪ್ಯಾಂಟಿನ ಮೊಣಕಾಲಿಗೆ ಕೆಸರು ಮೆತ್ತಿತ್ತು, ಅಂಗೈ ಸುಲಿದಿತ್ತು. ತೋರಿಸಿದ್ದರೆ ಸಾಕಿತ್ತು. ಆದರೆ ವೀಸಾ ಕೊಡಿಸಿದವರ ಮಾತಿಗೆ ಎದುರಾಡುವಂತಿರಲಿಲ್ಲವಲ್ಲ... "ಯೆಸ್ ಸರ್" ಎಂದೆ. ಆ ಎರಡು ಪದಗಳಿಗಾಗಿ ನನ್ನನ್ನು ನಾನು ಹಳಿದುಕೊಂಡಷ್ಟು ಭಾವನನ್ನೂ ಹಳಿದಿಲ್ಲ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಸಾರು ಬಡಿಸುತ್ತಿದ್ದಳು. ಇವಳಾದರೂ ಹೇಳುತ್ತಾಳೆ ಎಂದುಕೊಂಡಿದ್ದೆ. ಭಾವ ಅನ್ನ ಕಲಸುತ್ತ, "ಹೇಳು ನಿನ್ನ ತಮ್ಮನಿಗೆ" ಎಂದರು. ಅವಳು ತಲೆ ಎತ್ತಲಿಲ್ಲ.

"ಸ್ವಲ್ಪ ಬೇಗ ಎದ್ದಿದ್ರೆ ಹೀಗಾಗ್ತಿತ್ತಾ?" ಎಂದಳು.

ಆ ವಾರವೇ ನನ್ನನ್ನು ಊರಿಗೆ ಕಳಿಸಿದರು. ಎರಡು ವರ್ಷದ ನಂತರ ಬೇರೆಯವರ ವೀಸಾದಲ್ಲಿ ಮರಳಿ ಬಂದೆ, ಇದೇ ದ್ವೀಪದಲ್ಲಿ ಸಂಸಾರ ಮಾಡಿದೆ, ಭಾವನ ಮನೆಯ ಹೊಸ್ತಿಲು ಮಾತ್ರ ತುಳಿಯಲಿಲ್ಲ. ಅವರ ಮಣ್ಣಿಗೂ ಹೋಗಲಿಲ್ಲ. ಅದಕ್ಕೆ ಪಶ್ಚಾತ್ತಾಪವಿಲ್ಲ. ಸ್ವಂತ ಕಾರಿನ ಮರ್ಯಾದೆ ಉಳಿಸಲು ಹೆಂಡತಿಯ ತಮ್ಮನ ಅನ್ನ ಕಳೆದ ಮನುಷ್ಯ ಅವರು, ಅಷ್ಟೇ. ಆದರೆ ಆ ಹೊಸ್ತಿಲ ಒಳಗೆ ಅಕ್ಕನೂ ಇದ್ದಳು.

ಅವಳು ಈಗ ಬುದಯ್ಯದಲ್ಲಿ ಮಗನ ಮನೆಯಲ್ಲಿದ್ದಾಳೆ. ಕಾವಲುಗಾರ ಕಂಬಳಿ ಕೊಡವಿದ ದಿನ, ಯಾಕೋ, ಅಲ್ಲಿಗೆ ಕರೆದುಕೊಂಡು ಹೋಗು ಎಂದು ಮಗಳಿಗೆ ಹೇಳಿದೆ. ಅಕ್ಕನಿಗೆ ಮರೆವು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು, ಹಿಡಿದ ಮೇಲೆ ನನ್ನ ಕೈಯನ್ನು ಬಿಡಲೇ ಇಲ್ಲ. ನನ್ನ ಮಗಳ ಕಡೆ ತಿರುಗಿ, ಪ್ರೀತಿಯಿಂದ, ಬೊಚ್ಚುಬಾಯಿ ಅಗಲಿಸಿ ನಕ್ಕಳು.

"ನಿನ್ನಪ್ಪನಿಗೆ ಬೆಳಿಗ್ಗೆ ಏಳ್ಲಿಕ್ಕೆ ಉದಾಸೀನ. ಅದಕ್ಕೇ ಮೊದಲಿನ ಕೆಲಸ ಹೋದದ್ದು. ನಾನು ಎಬ್ಬಿಸಿ ಎಬ್ಬಿಸಿ ಸೋತೆ."

ಮಗಳು ನಗುತ್ತ ನನ್ನ ಮುಖ ನೋಡಿದಳು. ಆ ಬೆಳಿಗ್ಗೆ ನನ್ನನ್ನು ಕಂಡವರಲ್ಲಿ ನನಗೆ ಉಳಿದವಳು ಅಕ್ಕ ಒಬ್ಬಳೇ. ಈಗ ಅವಳೂ ಕಂಡಿಲ್ಲ.