ಗೇರು ಕಾರ್ಖಾನೆಯ ಹಿಂಬಾಗಿಲು

ಕುಂದಾಪುರದಲ್ಲಿ ನಾನು ಸುರಕ್ಷತಾ ಸಲಹೆಯ ಕಚೇರಿ ತೆರೆದಾಗ ಮೊದಲು ಕರೆದವನು ಬೈಂದೂರು ಕಡೆಯ ಒಬ್ಬ ಗೇರುಬೀಜದ ಕಾರ್ಖಾನೆಯ ಧಣಿ. ಬೆಂಕಿ ಬಿದ್ದರೆ ಕೆಲಸದ ಹೆಂಗಸರು ಓಡಬೇಕಾದ ಹಿಂಬಾಗಿಲಿಗೆ ಅವನು ಸದಾ ಬೀಗ ಜಡಿದಿಡುತ್ತಿದ್ದ. ಇಲ್ಲದಿದ್ದರೆ ಅವರು ಬೀಜ ಕದಿಯುತ್ತಾರಂತೆ. ನಾವು ತಪಾಸಣೆಗೆ ಹೋದ ದಿನ ಮಾತ್ರ ಬಾಗಿಲು ತೆರೆದಿತ್ತು. ಹೊಸ್ತಿಲಲ್ಲಿ ರಂಗೋಲಿ ಬೇರೆ! ನಾಚಿಕೆಯಿಲ್ಲದವರಿಗೆ ಅಲಂಕಾರದ ಹುಚ್ಚು ಹೆಚ್ಚು.

"ಎಲ್ಲ ಸಮ ಇತ್ತಲ್ದಾ? ಒಂದ್ ಸಹಿ ಹಾಕಿ," ಎಂದು ಧಣಿ ಸುರಕ್ಷತಾ ಪ್ರಮಾಣಪತ್ರ ಮುಂದಿಟ್ಟ.

ನಾನು ಮೊದಲು ಕೆಲಸಕ್ಕಿಟ್ಟುಕೊಂಡ ಬಿಜೂರಿನ ಹುಡುಗಿ ಪೆನ್ನು ಮುಟ್ಟಲಿಲ್ಲ. "ನಾಳೆ ಮತ್ತೆ ಬೀಗ ಹಾಕ್ತ್ರಿ. ನಮ್ಮಮ್ಮ ಇಲ್ಲೇ ಬೀಜ ಸುಲುದ್, ನಂಗೊತ್ತಿತ್ತ್."

ಧಣಿ ನನ್ನತ್ತ ತಿರುಗಿದ. "ಹ್ವಾಯ್, ಇವ್ಳನ್ನ್ ಬಿಟ್ಟ್ ಬೇರೆಯವ್ರನ್ನ್ ಕಳ್ಸಿ. ನನ್ನ್ ಭಾವನ ಫ್ಯಾಕ್ಟರಿ ಕೆಲ್ಸವೂ ನಿಮ್ಗೇ."

ಆಗ ನಾನು ಗುಡುಗಿದೆ ಎಂದು ನೆನಪು ಹೇಳುತ್ತದೆ. ಅದನ್ನು ನಾನು ನಂಬುವುದಿಲ್ಲ. ಸಂಬಳದ ಆಳಿನ ಹಾಗೆ ಅದು ನನಗೆ ಬೇಕಾದ್ದನ್ನೇ ಹೇಳುತ್ತದೆ. ಸಹಿ ಹಾಕದೆ ಇಬ್ಬರೂ ಹೊರಟೆವು ಎಂಬುದಷ್ಟೇ ಖಚಿತ.

ಧಣಿ ಬ್ರಹ್ಮಾವರದಿಂದ ಇನ್ನೊಬ್ಬ ಸಲಹೆಗಾರನನ್ನು ಕರೆಸಿದ. ಅವನು ಚಹಾ ಕುಡಿದು ಸಹಿ ಹಾಕಿ ಹೋದ. ಹುಡುಗಿ ಈಗಲೂ ನನ್ನ ಕಚೇರಿಯಲ್ಲಿದ್ದಾಳೆ. ಅವಳ ಅಮ್ಮ ಈಗಲೂ ಆ ಬೀಗದ ಒಳಗೇ ಬೀಜ ಸುಲಿಯುತ್ತಾರೆ.