ಕಾಂತರಾಜನ ಕುದುರೆ ಪ್ಲಾನು

ನನ್ನ ತಂಗಿ ಸುನಂದಳ ಗಂಡ ಕಾಂತರಾಜ್ ಇರುವುದು ಮಾಲೂರಿನಲ್ಲಿ. ಅಪ್ಪ ಮಾಡಿಟ್ಟ ಇಟ್ಟಿಗೆ ಗೂಡು ಇದೆ, ಅದನ್ನು ನೋಡಿಕೊಳ್ಳಲು ಮೇಸ್ತ್ರಿ ಇದ್ದಾನೆ. ಹಾಗಾಗಿ ಇವನಿಗೆ ಉಳಿದಿರುವ ಕೆಲಸ ಪ್ಲಾನ್ ಮಾಡುವುದೊಂದೇ. ನಲವತ್ನಾಲ್ಕು ವರ್ಷದ ಈ ಮನುಷ್ಯ ಗೋಡೆಗೆ ಒಂದು ಮೊಳೆ ಹೊಡೆದದ್ದನ್ನೂ ನಾನು ಕಂಡಿಲ್ಲ. ಆದರೆ ಮೊಳೆ ಎಲ್ಲಿ ಹೊಡೆಯಬೇಕು, ಊರಿನವರೆಲ್ಲ ಹೊಡೆಯುವ ರೀತಿ ಯಾಕೆ ತಪ್ಪು ಎಂದು ಎರಡು ಗಂಟೆ ಹೇಳಬಲ್ಲ. ಹದಿನಾರು ವರ್ಷದಿಂದ ತಂಗಿಯ ಮುಖ ನೋಡಿ ಸಹಿಸಿಕೊಂಡಿದ್ದೇನೆ.

ಅವನ ಮಗಳು ಶ್ರೀವಾಣಿ ಈಗ ಆರನೇ ಕ್ಲಾಸು. ಹೋದ ಬೇಸಿಗೆಯಲ್ಲಿ ಅಂತರಗಂಗೆ ಬೆಟ್ಟದ ಮೇಲಿಂದ ಸೂರ್ಯೋದಯ ತೋರಿಸುತ್ತೇನೆ ಎಂದಿದ್ದ. ಅವತ್ತು ಅವನು ಎದ್ದದ್ದು ಒಂಬತ್ತು ಗಂಟೆಗೆ. ಅದರ ಹಿಂದಿನ ವರ್ಷ ಅಪ್ಪ ಮಗಳು ಸೈಕಲ್ಲಿನಲ್ಲಿ ಕೋಲಾರಕ್ಕೆ ಹೋಗುವ ಪ್ಲಾನು. ಸೈಕಲ್ಲೇ ಮನೆಗೆ ಬರಲಿಲ್ಲ. ಈ ವರ್ಷ ಕುದುರೆ. ವಕ್ಕಲೇರಿ ಕಡೆ ಕೆರೆ ದಡದಲ್ಲಿ ಹೊಸದಾಗಿ ಮಾಡಿರುವ ಪಾರ್ಕಿನಲ್ಲಿ ಟೆಂಟು ಹಾಕಿ ಮಲಗುವುದು, ಬೆಳಿಗ್ಗೆ ಕುದುರೆ ಮೇಲೆ ಶ್ರೀವಾಣಿ ಕೆರೆಯನ್ನು ಒಂದು ಸುತ್ತು ಬರುವುದು. ಹುಡುಗಿ ಇಡೀ ಕ್ಲಾಸಿಗೆ ಹೇಳಿಕೊಂಡು ಬಂದಿದ್ದಳು.

"ಮಾಮ, ಈ ಸಲನೂ ಆಗ್ಲಿಲ್ಲ ಅಂದ್ರೆ ನಾನು ಅಪ್ಪನ್ನ ಇನ್ನೇನೂ ಕೇಳಲ್ಲ" ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದಳು. ಅಳುತ್ತಾ ಹೇಳಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಕಾಂತರಾಜ್ 'ಅಶ್ವದಳ' ಎಂದು ಒಂದು ವಾಟ್ಸಾಪ್ ಗ್ರೂಪ್ ಮಾಡಿದ. ಅದರಲ್ಲಿ ಇದ್ದದ್ದು ಅವನು, ಸುನಂದ ಮತ್ತು ನಾನು. ಕುದುರೆಯ ಮೇಲೆ ಬೆನ್ನು ಹೇಗಿರಬೇಕು, ಹಿಮ್ಮಡಿ ಹೇಗಿರಬೇಕು ಎಂದು ದಿನಾ ಬೆಳಿಗ್ಗೆ ಉಪದೇಶ ಬರುತ್ತಿತ್ತು. ಹುಟ್ಟಿದಾಗಿನಿಂದ ಅವನು ಒಂದು ಕತ್ತೆಯನ್ನೂ ಮುಟ್ಟಿದವನಲ್ಲ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಟೆಂಟು ಎಲ್ಲಿ ಸಿಗುತ್ತದೆಂದು ವಿಚಾರಿಸದೆ ಶಾಮಿಯಾನದ ಅಂಗಡಿಗೆ ಹೇಳಿದ. ಕುದುರೆಗೆ ಮುಳಬಾಗಿಲಿನ ಗಂಗುಲಪ್ಪನಿಗೆ ಫೋನ್ ಮಾಡಿದ. ಗಂಗುಲಪ್ಪನ ಕುದುರೆಗಳು ಮದುವೆ ಗಂಡನ್ನು ಹೊರುವ ಮೆರವಣಿಗೆ ಕುದುರೆಗಳು ಎಂದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು.

ಫೋನು ಸ್ಪೀಕರಿನಲ್ಲಿತ್ತು. ನಾನೂ ಅಲ್ಲೇ ಕೂತಿದ್ದೆ.

"ಸಾಮಿ, ನಮ್ ಕುದ್ರೆ ತಮಟೆ ಹಿಂದೆ ನಡೆದೇ ಅಭ್ಯಾಸ. ಮುಂದೆ ತಮಟೆ ಇಲ್ಲ ಅಂದ್ರೆ ಹೆಜ್ಜೆ ಎತ್ತಲ್ಲ. ಒಬ್ಬ ಬಡಿಯೋನ್ನೂ ಕರ್ಕೊಂಡು ಬರ್ಲಾ?" ಎಂದ ಗಂಗುಲಪ್ಪ.

ಕಾಂತರಾಜ್ ನಕ್ಕುಬಿಟ್ಟ. ಇದು ಮದುವೆಯಲ್ಲ, ಕ್ಯಾಂಪಿಂಗು; ಕೆರೆಯ ತಂಪುಗಾಳಿ ಸೋಕಿದರೆ ಎಂಥ ಕುದುರೆಯೂ ತಾನಾಗಿ ಓಡುತ್ತದೆ ಎಂದು, ಮೂವತ್ತು ವರ್ಷ ಕುದುರೆ ಸಾಕಿದವನಿಗೆ ಪಾಠ ಹೇಳಿದ. ಗಂಗುಲಪ್ಪ ನಿಮ್ಮಿಷ್ಟ ಎಂದು ಫೋನ್ ಇಟ್ಟ. ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಇವನ ಕೊಬ್ಬು ಒಂದು ಸಲ ಎಲ್ಲರೆದುರು ಇಳಿಯಲಿ ಎಂಬ ಆಸೆ ನನಗಿತ್ತು.

ಶನಿವಾರ ಸಂಜೆ ಪಾರ್ಕಿಗೆ ಹೋಗಿ ನೋಡಿದರೆ ಟೆಂಟಿನ ಜಾಗದಲ್ಲಿ ಅಂಚಿಗೆ ಝಾಲರಿ ಇಳಿಬಿಟ್ಟ ಕೆಂಪು ಶಾಮಿಯಾನ, ಮುಂದೆ 'ಸುಸ್ವಾಗತ' ಎಂಬ ಬೋರ್ಡು. ಗೋಡೆಯಿಲ್ಲದ ಆ ಚಪ್ಪರದಡಿ ಸೊಳ್ಳೆಗಳಿಗೆ ಊಟವಾಗಿ ಮಲಗಿದ್ದು ಎದ್ದೆವು.

ಬೆಳಿಗ್ಗೆ ಗಂಗುಲಪ್ಪ ಬಿಳಿ ಹೆಣ್ಣು ಕುದುರೆಯೊಂದನ್ನು ಟೆಂಪೋದಿಂದ ಇಳಿಸಿದ. ಅದರ ಹೆಸರು ಚೆಲುವಿ. ಶ್ರೀವಾಣಿ ಅದರ ಕತ್ತು ಸವರಿ, ಹೊಸ ಶೂ ಹಾಕಿದ ಕಾಲನ್ನು ಜೀನಿನಿಂದ ಇಳಿಬಿದ್ದ ರಿಕಾಪಿಗೆ ಇಟ್ಟು ಹತ್ತಿ ಕೂತಳು. ಆ ಮುಖದಲ್ಲಿ ಇದ್ದ ಸಂತೋಷವನ್ನು ನಾನು ಮರೆಯಲಾರೆ. ಗಂಗುಲಪ್ಪ ಲಗಾಮು ಹಿಡಿದು ಮುಂದೆ ಎಳೆದ. ಕುದುರೆ ನಿಂತೇ ಇತ್ತು. ಬೆಲ್ಲ ತೋರಿಸಿದ, ಬೆನ್ನು ತಟ್ಟಿದ. ಕೆರೆಯ ತಂಪುಗಾಳಿ ಬೇಕಾದಷ್ಟು ಬೀಸುತ್ತಿತ್ತು. ಕಾಂತರಾಜ್ ಫೋನಿನಲ್ಲಿ ತಮಟೆ ಸದ್ದು ಹುಡುಕಿ ಹಾಕಿದ. ಚೆಲುವಿ ಒಂದು ಕಿವಿ ಅಲ್ಲಾಡಿಸಿ ಸುಮ್ಮನಾಯಿತು.

ತಟ್ಟೆ ಬಡಿದರೂ ನಡೆಯುತ್ತದೆ, ಯಾರಾದರೂ ಮುಂದೆ ಬಡಿಯುತ್ತಾ ಹೋಗಿ, ಮಗು ಮೇಲಿರುವಾಗ ತಾನು ಲಗಾಮು ಬಿಡುವಂತಿಲ್ಲ ಎಂದ ಗಂಗುಲಪ್ಪ. ಸುನಂದ ಸ್ಟೀಲ್ ತಟ್ಟೆ, ಸೌಟು ತಂದು ಗಂಡನ ಮುಂದೆ ಹಿಡಿದಳು. ವಾಕಿಂಗ್ ಬಂದವರು, ಡೇರಿಗೆ ಹಾಲು ಹಾಕಿ ಬಂದವರು ಆಗಲೇ ಹತ್ತು ಹನ್ನೆರಡು ಜನ ಸೇರಿದ್ದರು.

"ನಮ್ ವಂಶದಲ್ಲಿ ಯಾರೂ ತಮಟೆ ಹೊಡೆದೋರಲ್ಲ" ಎಂದ ಕಾಂತರಾಜ್. ತಾನೇ ಬಡಿಯಲು ಹೊರಟ ಸುನಂದಳನ್ನು ಕಣ್ಣಲ್ಲೇ ತಡೆದ.

ಎಂಥ ವಂಶ, ಎಂಥ ಗತ್ತು. ಊರಿನ ಪ್ರತಿ ಮದುವೆಗೂ ಸಾವಿಗೂ ತಮಟೆ ಬೇಕು, ಬಡಿಯುವ ಕೈ ಮಾತ್ರ ಬೇರೆಯವರದಾಗಿರಬೇಕು. ಅವನ ಮೇಲೆ ನನಗೆ ಅಸಹ್ಯ ಉಕ್ಕಿತು. ಕೈ ಕಟ್ಟಿಕೊಂಡು ನಿಂತು ನೋಡಿದೆ.

ಶ್ರೀವಾಣಿ ಅಪ್ಪನನ್ನು ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಕುದುರೆಯಿಂದ ಇಳಿದು ಅಮ್ಮನ ಕೈಯಿಂದ ತಟ್ಟೆ, ಸೌಟು ತೆಗೆದುಕೊಂಡಳು.

"ಅಪ್ಪಾ, ನೀನು ಹತ್ಕೋ. ನಾನು ಹೊಡಿತೀನಿ."

ಈಗಲಾದರೂ ನಾಚುತ್ತಾನೆ ಎಂದುಕೊಂಡೆ. ಅವನು ವಿಡಿಯೋ ತೆಗೆಯಲು ಫೋನನ್ನು ನನ್ನ ಕೈಗೆ ಕೊಟ್ಟು, ಹತ್ತಿ ಕೂತೇಬಿಟ್ಟ. ಮಗಳು ತಟ್ಟೆ ಬಡಿಯುತ್ತಾ ಮುಂದೆ ನಡೆದಳು, ಚೆಲುವಿ ಕಾಲೆತ್ತಿ ಕುಣಿಯುತ್ತಾ ಹಿಂದೆ ಹೊರಟಿತು. ಮೇಲಿದ್ದವನು ಬೆನ್ನು ನೆಟ್ಟಗೆ ಮಾಡಿ, ವಾಕಿಂಗಿನವರಿಗೆ ಕೈ ಬೀಸಿದ. ನಾನು ಪಕ್ಕದಲ್ಲಿ ವಿಡಿಯೋ ಹಿಡಿಯುತ್ತಾ ನಡೆದೆ. ಇವನ ಮಾನ ಹೋಗುವುದನ್ನು ನಾಲ್ಕು ಜನಕ್ಕೆ ತೋರಿಸಬಹುದಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಪೂರ್ತಿ ಒಂದು ಸುತ್ತು. ಹುಡುಗಿ ಒಮ್ಮೆಯೂ ತಿರುಗಿ ನೋಡಲಿಲ್ಲ. ಸುತ್ತು ಮುಗಿದ ಮೇಲೆ ಅಪ್ಪನ ಹತ್ತಿರ ಹೋಗದೆ ನೇರವಾಗಿ ನನ್ನ ಹತ್ತಿರ ಬಂದು ತಟ್ಟೆಯನ್ನು ಕೈಗಿತ್ತಳು.

"ನಿಮ್ ವಂಶದಲ್ಲೂ ಯಾರೂ ಹೊಡೆದಿಲ್ವಾ ಮಾಮ?" ಎಂದಳು.

ನನ್ನ ಇನ್ನೊಂದು ಕೈಯಲ್ಲಿ ಫೋನು ಇನ್ನೂ ವಿಡಿಯೋ ಹಿಡಿಯುತ್ತಲೇ ಇತ್ತು.